ಹೊಲ ನಕ್ಕರೆ ಪೇಟೆ ನಕ್ಕೀತು

ಒಂದು ನಗರದ ವ್ಯಾಪಾರವನ್ನು ಅಳೆಯಹೊರಟವರು ಸಾಮಾನ್ಯವಾಗಿ ಅಂಗಡಿಗಳ ಸಾಲನ್ನು ಎಣಿಸುತ್ತಾರೆ. ದೀಪಗಳ ಝಗಮಗವನ್ನು ಕಂಡು ಪೇಟೆ ಚೆನ್ನಾಗಿದೆ ಎಂದು ತೀರ್ಮಾನಿಸುತ್ತಾರೆ. ಬೀದರಿನ ಮಟ್ಟಿಗೆ ಈ ಲೆಕ್ಕ ಹೊಂದದು. ಇಲ್ಲಿಯ ಕಿರಾಣಿ, ಬಟ್ಟೆ, ಪಾತ್ರೆ, ಚಿನ್ನ-ಬೆಳ್ಳಿ ಅಂಗಡಿಗಳ ಭಾಗ್ಯವು ನಿರ್ಧಾರವಾಗುವುದು ಕಮಠಾಣದಂತಹ ಊರುಗಳ ಹೊಲಗಳಲ್ಲಿ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ನಗರದ್ದು 2 ಲಕ್ಷಕ್ಕಿಂತ ತುಸು ಹೆಚ್ಚು. ಜಿಲ್ಲೆಯ ನಾಲ್ಕು ಜನರಲ್ಲಿ ಮೂವರು ಹಳ್ಳಿಯವರು. ಅಂದಮೇಲೆ ಪೇಟೆಯ ಗಿರಾಕಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಜಿನಿಂದ ಪೇಟೆಗೆ

ನಮ್ಮ ಭಾಗದಲ್ಲಿ ಹಣ ಓಡಾಡುವುದಕ್ಕೂ ಒಂದು ಪಂಚಾಂಗವಿದೆ. ಮುಂಗಾರಿನ ಹೆಸರು, ಉದ್ದು ಮೊದಲು ಗಂಜಿಗೆ ಬರುತ್ತವೆ. ದಸರೆಯ ಹೊತ್ತಿಗೆ ಸೋಯಾ, ಎಳ್ಳಮಾವಾಸ್ಯೆ-ಸಂಕ್ರಾಂತಿಯ ಹೊತ್ತಿಗೆ ತೊಗರಿ, ಅದರ ಹಿಂದೆಯೇ ಕಡಲೆ ಮತ್ತು ಬಿಳಿಜೋಳ. ರೈತನು ಗಾಂಧಿಗಂಜಿನ ಅಡತಿ ಅಂಗಡಿಯಲ್ಲಿ ಮಾಲು ತೂಗಿಸಿ, ಬೀಜ-ಗೊಬ್ಬರದ ಬಾಕಿಯನ್ನು ತೀರಿಸಿ, ಉಳಿದ ಹಣವನ್ನು ಹಿಡಿದು ಪೇಟೆಯತ್ತ ನಡೆಯುತ್ತಾನೆ. ಈ 'ಉಳಿದ ಹಣ'ವೇ ಚಿಲ್ಲರೆ ವ್ಯಾಪಾರದ ಜೀವಾಳ. ಜೂನ್-ಜುಲೈ ತಿಂಗಳಲ್ಲಿ ಹಣವೆಲ್ಲ ಮಣ್ಣಿಗೆ ಇಳಿದಿರುತ್ತದೆ. ಆಗ ಅಂಗಡಿಕಾರನ ಪೆಟ್ಟಿಗೆ ಬರಿದಾಗಿ, ಉದ್ರಿ ಪುಸ್ತಕ ತುಂಬುತ್ತದೆ.

ಆದುದರಿಂದ ಗಂಜಿನಲ್ಲಿ ದರ ಕುಸಿದರೆ ಪೇಟೆಯಲ್ಲಿ ಅದರ ಸಪ್ಪಳ ಕೇಳುತ್ತದೆ. 2016-17ರಲ್ಲಿ ತೊಗರಿ ಹೇರಳವಾಗಿ ಬೆಳೆದು, ಬೆಲೆಯು 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2024ರಲ್ಲಿ ಕ್ವಿಂಟಲಿಗೆ 10,000 ರೂಪಾಯಿ ದಾಟಿದ್ದ ಅದೇ ತೊಗರಿ, 2025ರಲ್ಲಿ 7,550ರ ಬೆಂಬಲ ಬೆಲೆಯನ್ನೂ ಮುಟ್ಟದೆ ಹೋಯಿತು. ಸುಂಕವಿಲ್ಲದೆ ಹೊರದೇಶದಿಂದ ಬಂದ ತೊಗರಿ ಮತ್ತು ಹಳದಿ ಬಟಾಣಿಗಳು ಇದಕ್ಕೆ ಒಂದು ಕಾರಣ. ಹತ್ತು ಕ್ವಿಂಟಲ್ ಮಾರುವ ಕುಟುಂಬಕ್ಕೆ ಕ್ವಿಂಟಲಿಗೆ 3,000 ರೂಪಾಯಿ ಕಡಿಮೆಯಾದರೆ ಒಟ್ಟು 30,000 ರೂಪಾಯಿ ಖೋತಾ. ಆ ಹಣವು ಮಗಳ ಮದುವೆಯ ಜವಳಿಯಾಗಿಯೋ, ಹೊಸ ಪಾತ್ರೆಯಾಗಿಯೋ, ಮನೆಗೆ ಬಳಿಯುವ ಬಣ್ಣವಾಗಿಯೋ ಪೇಟೆಗೆ ಬರಬೇಕಾಗಿತ್ತು. 2025ರ ಆಗಸ್ಟ್-ಸೆಪ್ಟೆಂಬರ್ ತಿಂಗಳ ಅತಿವೃಷ್ಟಿ ಮತ್ತು ಮಾಂಜರಾ ನದಿಯ ನೆರೆ ಜಿಲ್ಲೆಯ ಬೆಳೆಯನ್ನು ನುಂಗಿದಾಗ ನಷ್ಟ ರೈತನ ಅಂಗಳದಲ್ಲಿಯೇ ನಿಲ್ಲಲಿಲ್ಲ. ದೀಪಾವಳಿಗೆಂದು ಸರಕು ತುಂಬಿದ ವ್ಯಾಪಾರಿಯೂ ಅದರಲ್ಲಿ ಪಾಲುದಾರನಾದನು.

ಗಡಿಯ ಪೇಟೆ

ಬೀದರಿನ ವ್ಯಾಪಾರಕ್ಕೆ ಇನ್ನೊಂದು ವಿಶೇಷವಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಹಾಲಿ ಸಿಕ್ಕಾ ನಾಣ್ಯದಲ್ಲಿ ಲೆಕ್ಕ ಬರೆದ ಈ ಪೇಟೆಯು 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿತು. ಆದರೂ ಸರಕಿನ ದಾರಿ ಬದಲಾಗಲಿಲ್ಲ. ಹೈದರಾಬಾದು ಇಲ್ಲಿಂದ ಸುಮಾರು 140 ಕಿಲೋಮೀಟರ್. ಬೆಂಗಳೂರು ಅದರ ಹಲವು ಪಟ್ಟು ದೂರ. ಹೈದರಾಬಾದಿನ ಬೇಗಂ ಬಜಾರಿನ ಸಗಟು ಮಾಲು, ಸೊಲ್ಲಾಪುರದ ಚಾದರ, ಲಾತೂರಿನ ಬೇಳೆ ಇಂದಿಗೂ ನಮ್ಮ ಪೇಟೆಗೆ ಹತ್ತಿರದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಮೇಲೆ ರಾಜ್ಯಗಳ ಗಡಿಯಲ್ಲಿದ್ದ ತೆರಿಗೆ ತಪಾಸಣಾ ಕಟ್ಟೆಗಳು ಹೋದವು; ಅದೇ ವರ್ಷದ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ತೆರೆಯಿತು. ಸರಕು ತರುವುದು ಸುಗಮವಾಯಿತು, ನಿಜ. ಆದರೆ ಮಾಲು ಬರುವ ದಾರಿಯಲ್ಲಿಯೇ ಗಿರಾಕಿಯೂ ಹೊರಟುಹೋಗುತ್ತಾನೆ! ಮದುವೆಯ ಜವಳಿಗೆ ಹೈದರಾಬಾದಿಗೆ ಹೋಗಿಬರುವುದು ಉಳ್ಳವರಲ್ಲಿ ಪ್ರತಿಷ್ಠೆಯ ಮಾತಾಗಿದೆ.

ನಗದು ಅಲ್ಲಿಗೆ, ಉದ್ರಿ ಇಲ್ಲಿಗೆ

'ಇಂದು ನಗದು, ನಾಳೆ ಉದ್ರಿ' ಎಂಬ ಫಲಕವನ್ನು ನೋಡಿ ನಕ್ಕವರೇ ನಾವೆಲ್ಲ. ಆ ಫಲಕದ ಕೆಳಗೆ ಕುಳಿತವನ ಕಷ್ಟವನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಗಟು ವ್ಯಾಪಾರಿ ಅವನಿಗೆ ಕೆಲವೇ ದಿನಗಳ ಗಡುವು ಕೊಡುತ್ತಾನೆ. ಹೆಸರಾಂತ ಕಂಪನಿಗಳ ಸರಕಿಗಂತೂ ಬಹುಮಟ್ಟಿಗೆ ನಗದನ್ನೇ ಎಣಿಸಬೇಕು. ಇತ್ತ ಗಿರಾಕಿಯು ರಾಶಿ ಆಗುವವರೆಗೆ ತಾಳಿಕೊಳ್ಳಿರೆಂದು ಕೇಳುತ್ತಾನೆ. ಈ ಎರಡು ಗಡುವುಗಳ ನಡುವಿನ ತಿಂಗಳುಗಳನ್ನು ಅಂಗಡಿಕಾರನು ತನ್ನ ಬಂಡವಾಳದಿಂದ, ಇಲ್ಲವೆ ಬಡ್ಡಿಯ ಸಾಲದಿಂದ ತುಂಬಬೇಕು. ವರ್ಷಕ್ಕೆ 50 ಲಕ್ಷದ ವ್ಯಾಪಾರ ಮಾಡುವ ಕಿರಾಣಿ ಅಂಗಡಿಗೆ ನೂರಕ್ಕೆ ಐದು ರೂಪಾಯಿ ಉಳಿಯಿತೆಂದು ಇಟ್ಟುಕೊಳ್ಳೋಣ. ಒಟ್ಟು ಎರಡೂವರೆ ಲಕ್ಷ, ಅಂದರೆ ತಿಂಗಳಿಗೆ ಇಪ್ಪತ್ತೊಂದು ಸಾವಿರದಷ್ಟು. ಒಂದು ಲಕ್ಷದ ಉದ್ರಿ ಮುಳುಗಿದರೆ ಐದು ತಿಂಗಳ ದುಡಿಮೆ ಮುಳುಗಿದಂತೆ.

ದೊಡ್ಡ ಬಜಾರುಗಳು, ಮೊಬೈಲಿನಲ್ಲಿ ಕೇಳಿದರೆ ಮನೆಬಾಗಿಲಿಗೆ ತಲುಪಿಸುವ ಕಂಪನಿಗಳು ಈ ಭಾರವನ್ನು ಹೊರುವುದಿಲ್ಲ. ಅವು ಲಾರಿಗಟ್ಟಲೆ ಖರೀದಿಸಿ ದರ ಇಳಿಸುತ್ತವೆ. ಆದರೆ ಮಳೆ ತಪ್ಪಿದ ವರ್ಷ ಒಂದು ಕಿಲೋ ಬೇಳೆಯನ್ನೂ ನಂಬಿಕೆಯ ಮೇಲೆ ಕೊಡುವುದಿಲ್ಲ. ಕೈಯಲ್ಲಿ ಹಣವಿದ್ದಾಗ ದೊಡ್ಡ ಬಜಾರಿಗೆ, ಹಣವಿಲ್ಲದಾಗ ಓಣಿಯ ಅಂಗಡಿಗೆ ಎಂಬುದು ನಮ್ಮ ರೂಢಿಯಾದರೆ, ಓಣಿಯ ಅಂಗಡಿ ಎಷ್ಟು ದಿನ ಬಾಳೀತು? ಅದು ಮುಚ್ಚಿದ ಮರುವರ್ಷ ಬರ ಬಂದರೆ ಬಡವರ ಮನೆಯ ಒಲೆ ಹೇಗೆ ಹೊತ್ತೀತು? 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಓಣಿಯ ಕಿರಾಣಿ ಅಂಗಡಿಯ ಬೆಲೆ ಎಲ್ಲರಿಗೂ ತಿಳಿದಿತ್ತು. ಅದನ್ನು ಇಷ್ಟು ಬೇಗ ಮರೆಯುವುದು ಸಲ್ಲದು.

ಮೊಬೈಲು ಮತ್ತು ಲೆಕ್ಕದ ಪುಸ್ತಕ

2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಸಣ್ಣ ಅಂಗಡಿಗಳಿಗೂ ಯುಪಿಐ ಬಂದಿತು. ಚಿಲ್ಲರೆಯ ತೊಡಕು ತಪ್ಪಿತು. ಆದರೆ 2025ರ ಜುಲೈ ತಿಂಗಳಲ್ಲಿ ಅದೇ ಯುಪಿಐ ಜಮೆಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಗಾಬರಿ ಹಬ್ಬಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಫಲಕ ತೂಗಿದವು. ಕೊನೆಗೆ ಸರ್ಕಾರವು ಹಳೆಯ ಬಾಕಿಯ ಬಗೆಗೆ ರಿಯಾಯಿತಿಯ ಭರವಸೆ ನೀಡಿ, ನೋಂದಣಿ ಮಾಡಿಸಿಕೊಳ್ಳುವಂತೆ ಹೇಳಿತು.

ಈ ಪ್ರಸಂಗದಿಂದ ಕಲಿಯಬೇಕಾದದ್ದು ಬಹಳವಿದೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆಯ ಪದ್ಧತಿಯಲ್ಲಿ ಶೇಕಡಾ 1 ಕಟ್ಟಿದರೆ ಸಾಕು. ಆದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮರಳಿ ಪಡೆಯಲಾಗದು. ಚೀಟಿಯಿಲ್ಲದ ಬಿಡಿ ಧಾನ್ಯ, ತರಕಾರಿಗಳಿಗೆ ತೆರಿಗೆಯಿಲ್ಲ. ಆದರೆ ಅಂಗಡಿಯ ಜಮೆ ಯಾವುದು, ಅಳಿಯನು ಕಳಿಸಿದ ಕೈಗಡ ಯಾವುದು ಎಂದು ಬೇರ್ಪಡಿಸಿ ಬರೆದಿಟ್ಟವನು ಮಾತ್ರ ಇದನ್ನು ಸಾಧಿಸಿ ತೋರಿಸಬಲ್ಲನು. ದೀಪಾವಳಿಯಂದು ಪೂಜಿಸುವ ಖಾತೆ ಪುಸ್ತಕವನ್ನು ಉಳಿದ ದಿನಗಳಲ್ಲಿಯೂ ತೆರೆಯಬೇಕು.

ತಾಯಂದಿರ ಕೈಯ ಹಣ

ಈ ನಡುವೆ ಆಶಾದಾಯಕ ಸಂಗತಿಗಳೂ ಇಲ್ಲದಿಲ್ಲ. ಬೀದರಿನ ಜಿಲ್ಲಾ ಸಹಕಾರ ಬ್ಯಾಂಕು ಸ್ವಸಹಾಯ ಗುಂಪುಗಳ ಮೂಲಕ ಹಳ್ಳಿಯ ಹೆಣ್ಣುಮಕ್ಕಳಿಗೆ ಉಳಿತಾಯವನ್ನೂ ಸಾಲವನ್ನೂ ಪರಿಚಯಿಸಿ ಹೆಸರು ಪಡೆಯಿತು. 2023ರ ಜೂನ್ 11ರಿಂದ ಸಾರಿಗೆ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ, ಅದೇ ಆಗಸ್ಟಿನಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಎಂಬ ಯೋಜನೆಗಳು ಬಂದವು. ಮಳೆ-ಬೆಳೆಯನ್ನು ಅವಲಂಬಿಸದ ಇಂತಹ ಹಣವು ಅಕ್ಕಿ-ಬೇಳೆ, ಮಕ್ಕಳ ಪಾಟಿ-ಪುಸ್ತಕಗಳ ರೂಪದಲ್ಲಿ ಪೇಟೆಗೆ ಬರುತ್ತದೆ. ಕಮಠಾಣದ ತಾಯಿ ಟಿಕೆಟ್ಟಿನ ಚಿಂತೆಯಿಲ್ಲದೆ ಬೀದರಿಗೆ ಬಂದು ಸಂತೆ ಮಾಡಬಲ್ಲಳು. ಆದರೆ ಇದರಿಂದ ಹಳ್ಳಿಯೊಳಗಿನ ಪುಟ್ಟ ಅಂಗಡಿಯ ಗಿರಾಕಿ ಕಡಿಮೆಯಾಗಬಹುದೆಂಬುದನ್ನೂ ಮರೆಯಬಾರದು.

ಕುಟುಂಬಗಳಿಗೆ ನಮ್ಮ ಬಿನ್ನಹ

ಬೆಳೆಯ ದರವಾಗಲಿ ತೆರಿಗೆಯ ಪ್ರಮಾಣವಾಗಲಿ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನಾದರೂ ಮಾಡೋಣ. ರಾಶಿಯಾಗಿ ಹಣ ಬಂದಾಗ ಮೊದಲು ಓಣಿಯ ಅಂಗಡಿಯ ಬಾಕಿಯನ್ನು ತೀರಿಸೋಣ. ಹೊಸ ಖರೀದಿ ಆಮೇಲಾಗಲಿ. ಕಷ್ಟಕಾಲದಲ್ಲಿ ಕೊಟ್ಟವನ ಬಳಿಯೇ ಸುಖಕಾಲದಲ್ಲಿಯೂ ಒಂದಿಷ್ಟು ಕೊಳ್ಳೋಣ. ವ್ಯಾಪಾರಿಗಳಾದವರು ಉದ್ರಿಗೊಂದು ಮಿತಿಯನ್ನಿಟ್ಟು, ತೂಕ-ಬೆಲೆಗಳಲ್ಲಿ ನೇರವಾಗಿದ್ದು, ಮಕ್ಕಳಿಗೆ ಲೆಕ್ಕ ಬರೆಯುವುದನ್ನು ಕಲಿಸಲಿ. ದುಡಿಮೆಯನ್ನು ಕಾಯಕವೆಂದು ಬಗೆದ ನಾಡು ನಮ್ಮದು. ಕೊಟ್ಟ ಮಾತಿನಂತೆ ಬಾಕಿ ತೀರಿಸುವುದೂ ಆ ಕಾಯಕದ ಒಂದು ಭಾಗವೇ. ಮುಂದಿನ ಮಳೆ ಹೇಗಿದ್ದೀತೋ ಯಾರೂ ಬಲ್ಲವರಿಲ್ಲ. ಅದು ಕೈಕೊಟ್ಟರೂ ಓಣಿಯಲ್ಲಿ ಒಂದು ಅಂಗಡಿಯ ಬಾಗಿಲು ನಮಗಾಗಿ ತೆರೆದಿರುವಂತೆ ಈಗಲೇ ನಡೆದುಕೊಳ್ಳೋಣ.