ವಾರಕ್ಕೊಮ್ಮೆಯ ಗುಳಿಗೆ

ರಾಯಚೂರು ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ನಿತ್ಯದ್ದು. ಹಾಗೆ ದಿನವೂ ರೊಟ್ಟಿ ಬಡಿಯುವ ಕೈ ಒಂದು ಬೆಳಿಗ್ಗೆ ಮುಷ್ಟಿ ಕಟ್ಟಲಾರದಂತಾದರೆ, ಬೆರಳ ಬುಡದ ಗೆಣ್ಣುಗಳು ಊದಿ ಹೊತ್ತೇರುವವರೆಗೂ ಬಿಗಿತ ಸಡಿಲದಿದ್ದರೆ, ಎರಡು ಕೈಗಳಲ್ಲಿಯೂ ಒಂದೇ ಬಗೆಯ ನೋವು ವಾರಗಟ್ಟಲೆ ನಿಂತರೆ, ಅದನ್ನು ವಯಸ್ಸಿನ ಬಾಧೆಯೆಂದು ತಳ್ಳಿಹಾಕುವಂತಿಲ್ಲ. ಅದು ರುಮಟಾಯ್ಡ್ ಸಂಧಿವಾತವಾಗಿರಬಹುದು.

ನಮ್ಮ ಶರೀರದಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ರಕ್ಷಣಾ ವ್ಯವಸ್ಥೆಯುಂಟು. ಈ ರೋಗದಲ್ಲಿ ಆ ವ್ಯವಸ್ಥೆಯು ದಾರಿತಪ್ಪಿ, ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ಭ್ರಮಿಸಿ ಅದರ ಮೇಲೆರಗುತ್ತದೆ. ಪೊರೆಯು ಊದಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಮೃದ್ವಸ್ಥಿಯೂ ಎಲುಬೂ ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ನೋವು ನಿವಾರಕ ಗುಳಿಗೆಗಳು ನೋವನ್ನು ಮರೆಸಬಲ್ಲವೇ ಹೊರತು ಈ ಸವೆತವನ್ನು ತಡೆಯಲಾರವು.

ಆದರೆ ಕೀಲುನೋವೆಲ್ಲವೂ ಈ ರೋಗವಲ್ಲವೆಂಬುದನ್ನು ಮೊದಲು ಮನಗಾಣಬೇಕು. ರಾಯಚೂರು ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿದೆ. ಅಂಥ ನೀರನ್ನು ಬಹುಕಾಲ ಕುಡಿದವರ ಬೆನ್ನು, ಮೊಣಕಾಲುಗಳೂ ಬಿಗಿದುಕೊಳ್ಳುವುದುಂಟು. 2006ರಲ್ಲಿ ಕರ್ನಾಟಕದಲ್ಲಿ ಹಬ್ಬಿದ ಚಿಕೂನ್‌ಗುನ್ಯಾ ಜ್ವರವು ಅನೇಕರಲ್ಲಿ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿತು. ಆದಕಾರಣ ವೈದ್ಯರು ಪರೀಕ್ಷಿಸಿ ರೋಗವನ್ನು ನಿರ್ಣಯಿಸಿದ ಮೇಲೆಯೇ ನಾವು ಇಲ್ಲಿ ವಿವರಿಸುವ ಔಷಧದ ಮಾತು. ನೆರೆಮನೆಯವರ ಚೀಟಿಯಿಂದ ಕೊಳ್ಳತಕ್ಕ ವಸ್ತು ಇದಲ್ಲ.

ಈ ಔಷಧದ ಹೆಸರು ಮೆಥೊಟ್ರೆಕ್ಸೇಟ್. ಇದರ ಹುಟ್ಟಿಗೂ ನಮ್ಮ ದೇಶಕ್ಕೂ ನಿಕಟ ಸಂಬಂಧವಿದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಅಲ್ಲಿನ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಜೀವಸತ್ವವೇ ಫೋಲಿಕ್ ಆಮ್ಲ. ಸೊಪ್ಪುಗಳಲ್ಲಿಯೂ ಇದು ಹೇರಳವಾಗಿದೆ. ಭೀಮಾವರಂನಲ್ಲಿ 1895ರಲ್ಲಿ ಜನಿಸಿ ಅಮೆರಿಕಕ್ಕೆ ತೆರಳಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವು ಲೆಡರ್ಲೆ ಪ್ರಯೋಗಶಾಲೆಯಲ್ಲಿ ಈ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದನ್ನೇ ಹೋಲುವ, ಆದರೆ ಅದಕ್ಕೆ ವಿರೋಧಿಯಾದ ವಸ್ತುಗಳನ್ನೂ ರಚಿಸಿತು. ಅಂಥವುಗಳಲ್ಲೊಂದನ್ನು ಬಳಸಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಮಕ್ಕಳ ರಕ್ತಕ್ಯಾನ್ಸರನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದುದನ್ನು 1948ರಲ್ಲಿ ಪ್ರಕಟಿಸಿದರು. ಸುಬ್ಬರಾಯರು ತೀರಿಕೊಂಡದ್ದೂ ಅದೇ ವರ್ಷ. ಆ ವಸ್ತುವಿನ ಸೋದರನೇ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಇದನ್ನು ಬಳಸಲು ಅಮೆರಿಕದ ಸರ್ಕಾರವು 1988ರಲ್ಲಿ ಒಪ್ಪಿಗೆಯಿತ್ತಿತು.

‘ಇದು ಕ್ಯಾನ್ಸರಿನ ಔಷಧವಲ್ಲವೇ?’ ಎಂದು ರೋಗಿಗಳು ಬೆದರುವುದು ಸಹಜ. ಸಂಧಿವಾತಕ್ಕೆ ಕೊಡುವ ಪ್ರಮಾಣವು ಅದಕ್ಕಿಂತ ಬಹಳ ಅಲ್ಪ. ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಮಾತ್ರ. ಆದರೆ ‘ವಾರಕ್ಕೆ’ ಎಂಬ ಆ ಒಂದು ಮಾತಿನಲ್ಲಿಯೇ ರೋಗಿಯ ಪ್ರಾಣವಿದೆ. ಅದೆಂತೆಂಬುದನ್ನು ನೋಡೋಣ.

ಹೊಸ ಜೀವಕಣಗಳು ಹುಟ್ಟಬೇಕಾದರೆ ಫೋಲಿಕ್ ಆಮ್ಲ ಬೇಕು. ಅದನ್ನು ಕೆಲಸಕ್ಕೆ ಹದಗೊಳಿಸುವ ಕಿಣ್ವವೊಂದು ಕಣದೊಳಗಿದೆ. ಮೆಥೊಟ್ರೆಕ್ಸೇಟ್ ಕಳ್ಳ ಕೀಲಿಕೈಯಂತೆ ಆ ಕಿಣ್ವದ ಬೀಗದಲ್ಲಿ ಹೊಕ್ಕು, ತಿರುಗದೆ, ಹೊರಕ್ಕೂ ಬಾರದೆ ಸಿಕ್ಕಿಕೊಳ್ಳುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಉರಿಯೂತವನ್ನು ತಣಿಸುವ ಅಡಿನೋಸಿನ್ ಎಂಬ ವಸ್ತುವನ್ನು ಹೆಚ್ಚಿಸಿ, ಕೀಲಿನ ಮೇಲಿನ ದಾಳಿಯನ್ನು ತಗ್ಗಿಸುತ್ತದೆ. ಆದರೆ ನಮ್ಮ ಅಸ್ಥಿಮಜ್ಜೆ, ಬಾಯಿ ಮತ್ತು ಕರುಳಿನ ಒಳಪೊರೆ ಇವುಗಳಲ್ಲಿ ಹಗಲಿರುಳೂ ಹೊಸ ಕಣಗಳು ಹುಟ್ಟುತ್ತಿರಬೇಕು. ವಾರದಲ್ಲಿ ಒಂದು ದಿನ ಅಡ್ಡಿಯಾದರೆ ಅವು ಉಳಿದ ಆರು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಗುಳಿಗೆಯನ್ನು ನಿತ್ಯವೂ ನುಂಗಿದರೆ ಆ ಬಿಡುವೇ ಇಲ್ಲ. ಬಾಯಿ ಹುಣ್ಣಾಗುತ್ತದೆ, ಬಿಳಿಯ ರಕ್ತಕಣಗಳು ಕುಸಿಯುತ್ತವೆ, ಸೋಂಕು ನುಗ್ಗುತ್ತದೆ, ಮರಣವೂ ಸಂಭವಿಸಬಹುದು. ಜಗತ್ತಿನ ಅನೇಕ ದೇಶಗಳಲ್ಲಿ ಈ ತಪ್ಪಿನಿಂದ ಜನ ಸತ್ತಿದ್ದಾರೆ.

ತಪ್ಪು ನಡೆಯುವುದು ಸುಲಭ. ಉಳಿದ ಗುಳಿಗೆಗಳೆಲ್ಲ ದಿನಕ್ಕೊಂದು ಎಂಬ ರೂಢಿ. ಅಡ್ಡಪರಿಣಾಮ ಕಡಿಮೆಯಾಗಲೆಂದು ವೈದ್ಯರು ಫೋಲಿಕ್ ಆಮ್ಲದ ಗುಳಿಗೆಯನ್ನೂ ಬೇರೆ ದಿನಕ್ಕೆ ಬರೆಯುತ್ತಾರೆ. ಎರಡೂ ಹಳದಿ ಬಣ್ಣದ ಸಣ್ಣ ಗುಳಿಗೆಗಳಾಗಿರುವುದುಂಟು. ಚೀಟಿಯು ಇಂಗ್ಲಿಷಿನಲ್ಲಿರುತ್ತದೆ. ಇದಕ್ಕೆ ನಾವು ಸೂಚಿಸುವ ಉಪಾಯ ಸರಳವಾದುದು. ಊರಿನ ಸಂತೆಯ ದಿನವನ್ನು ಯಾರೂ ಮರೆಯುವುದಿಲ್ಲ; ವೈದ್ಯರೊಡನೆ ಮಾತಾಡಿ ಆ ದಿನವನ್ನೇ ಗುಳಿಗೆಯ ದಿನವಾಗಿ ಗೊತ್ತುಪಡಿಸಿಕೊಳ್ಳಬಹುದು. ಆ ವಾರದ ಹೆಸರನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಓದಲು ಬಾರದವರ ಮನೆಯಲ್ಲಿ ಓದುವ ಮಗನೋ ಮೊಮ್ಮಗಳೋ ಗುಳಿಗೆಯನ್ನು ಎಣಿಸಿ ಕೊಡಲಿ. 2.5 ಮಿಲಿಗ್ರಾಂ ಗುಳಿಗೆಯ ಬದಲು ಅಂಗಡಿಯವರು 10 ಮಿಲಿಗ್ರಾಂ ಕೊಟ್ಟರೆ ಎಣಿಕೆಯೇ ಬದಲಾಗುತ್ತದೆ. ಆದ್ದರಿಂದ ಪ್ರತಿಸಲವೂ ಅಂಕಿಯನ್ನು ನೋಡಿಕೊಳ್ಳಬೇಕು. ಒಂದು ವಾರ ಮರೆತರೆ ಎರಡು ದಿನಗಳೊಳಗೆ ತೆಗೆದುಕೊಳ್ಳಬಹುದು. ಅದೂ ಕಳೆದರೆ ಆ ವಾರವನ್ನು ಬಿಡಬೇಕು. ಎಂದಿಗೂ ಇಮ್ಮಡಿ ನುಂಗಬಾರದು. ದಿನವೂ ನುಂಗಿದ್ದು ತಿಳಿದುಬಂದರೆ, ಯಾವ ಬಾಧೆಯೂ ಕಾಣದಿದ್ದರೂ ಒಡನೆ ಆಸ್ಪತ್ರೆಗೆ ಹೋಗಬೇಕು. ಫೋಲಿನಿಕ್ ಆಮ್ಲವೆಂಬ ಪ್ರತ್ಯೌಷಧವಿದೆ. ಅದು ಬೇಗ ಸಿಕ್ಕಷ್ಟೂ ಒಳ್ಳೆಯದು.

ಔಷಧದ ಗುಣವು ಕಾಣಲು ಆರರಿಂದ ಹನ್ನೆರಡು ವಾರಗಳಾದರೂ ಬೇಕು. ಈ ನಡುವೆ ತಾಳ್ಮೆಗೆಟ್ಟು, ಗೊತ್ತಿಲ್ಲದ ಪುಡಿಗಳನ್ನು ಸೇವಿಸುವವರಿದ್ದಾರೆ. ಅಂಥ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿದ್ದುದು ಬಯಲಾಗಿದೆ.

ರಕ್ತಕಣ, ಯಕೃತ್ತು, ಮೂತ್ರಪಿಂಡ ಈ ಮೂರರ ಸ್ಥಿತಿಯನ್ನು ಮೊದಲು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಮುಂದೆ ಸುಮಾರು ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ದೇವದುರ್ಗ, ಮಾನ್ವಿಗಳಿಂದ ರಾಯಚೂರಿಗೆ ಬಂದುಹೋಗಲು ಒಂದು ದಿನದ ಕೂಲಿ ಹೋಗುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಇವು ವಿರಳವಾದ ಪರೀಕ್ಷೆಗಳಲ್ಲ. ಹತ್ತಿರದಲ್ಲಿ ಎಲ್ಲಿ ಮಾಡಿಸಬಹುದೆಂದು ವೈದ್ಯರನ್ನು ಕೇಳಿ, ಫಲಿತಾಂಶದ ಕಾಗದವನ್ನು ಅವರಿಗೆ ತೋರಿಸಬೇಕು.

ಈ ಔಷಧವನ್ನು ಹೊರಹಾಕುವುದು ಮೂತ್ರಪಿಂಡ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ. ಹೊಲದಲ್ಲಿ ದುಡಿದು ನೀರು ಸಾಲದಾದರೆ, ಅಥವಾ ವಾಂತಿಭೇದಿಯಾದರೆ, ಔಷಧವು ಒಳಗೇ ಉಳಿದು ವಿಷವಾಗಬಲ್ಲದು. ಜ್ವರವೋ ಭೇದಿಯೋ ಬಂದ ವಾರ ಗುಳಿಗೆಯನ್ನು ನುಂಗುವ ಮುನ್ನ ವೈದ್ಯರನ್ನು ಕೇಳಬೇಕು. ಸೋಂಕಿಗೆ ಕೊಡುವ ಕೋ-ಟ್ರೈಮೋಕ್ಸಜೋಲ್ ಸಹ ಫೋಲಿಕ್ ಆಮ್ಲದ ವಿರೋಧಿಯೇ. ಇವೆರಡೂ ಕೂಡಿದರೆ ಮಜ್ಜೆಗೆ ಇಮ್ಮಡಿ ಪೆಟ್ಟು. ಯಾವ ವೈದ್ಯರ ಬಳಿಗೆ ಹೋದರೂ ಈ ಗುಳಿಗೆಯ ಸಂಗತಿಯನ್ನು ಮೊದಲು ಹೇಳಬೇಕು. ಮದ್ಯವು ಯಕೃತ್ತಿಗೆ ಹಾನಿಯನ್ನು ಹೆಚ್ಚಿಸುತ್ತದೆ. ಗರ್ಭಿಣಿಯರೂ ಎದೆಹಾಲೂಡುವ ತಾಯಂದಿರೂ ಇದನ್ನು ಸೇವಿಸಲೇಬಾರದು. ಮಗುವನ್ನು ಬಯಸುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಏದುಸಿರು, ಮೈಮೇಲೆ ಕಾರಣವಿಲ್ಲದೆ ಕಂದುಕಲೆ, ಕಣ್ಣಿನ ಹಳದಿ, ಇವುಗಳಲ್ಲಿ ಯಾವುದು ಕಂಡರೂ ತಡಮಾಡುವಂತಿಲ್ಲ.

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿ ವಾಚಕರು ಔಷಧಕ್ಕೇ ಅಂಜಿದರೆ ನಮ್ಮ ಉದ್ದೇಶ ಕೆಟ್ಟಂತೆ. ಹತೋಟಿಯಿಲ್ಲದ ರೋಗವು ಕೈಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ. ಕ್ರಮವಾಗಿ ಸೇವಿಸಿದ ಔಷಧವು ಎಷ್ಟೋ ಜನರಿಗೆ ಅದನ್ನು ಉಳಿಸಿಕೊಟ್ಟಿದೆ. ವಾರಕ್ಕೆ ಒಂದೇ ದಿನ, ಹೇಳಿದಷ್ಟೇ ಗುಳಿಗೆ, ಹೇಳಿದ ಕಾಲಕ್ಕೆ ರಕ್ತಪರೀಕ್ಷೆ. ಇವು ಮೂರು ನಡೆದರೆ ನಿಂತುಹೋದ ರೊಟ್ಟಿಯ ಸದ್ದು ಮನೆಯಲ್ಲಿ ಮತ್ತೆ ಕೇಳಿಬಂದೀತು.