ಮೇನ್‌ಫ್ರೇಮ್ ಇಲ್ಲದ ತರಗತಿಯಲ್ಲಿ ಮೇನ್‌ಫ್ರೇಮ್ ಅಸೆಂಬ್ಲಿ

ಅಸೆಂಬ್ಲಿ ಭಾಷೆ ಕಲಿಸಹೊರಟ ಪ್ರಶಿಕ್ಷಣಾರ್ಥಿಗೆ ಎದುರಾಗುವ ಮೊದಲ ಪ್ರಶ್ನೆ ಯಂತ್ರದ್ದು. ಐಬಿಎಂ ಕಂಪನಿ 1964ರಲ್ಲಿ ಸಿಸ್ಟಮ್/360 ಎಂಬ ಮೇನ್‌ಫ್ರೇಮ್ ಸರಣಿಯನ್ನು ಪ್ರಕಟಿಸಿತು. ಆ ಸರಣಿಯ 360/44 ಯಂತ್ರ 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿತ್ತು. ಅಂಥ ಯಂತ್ರ ತುರ್ವಿಹಾಳದ ಶಾಲೆಗೆ ಬರುವಂಥದ್ದಲ್ಲ. ಆದರೆ ಅದರ ಭಾಷೆಯನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದು.

ಇದಕ್ಕೆ ಎರಡು ಬಗೆಯ ತಂತ್ರಾಂಶಗಳಿವೆ. ಇಡೀ ಯಂತ್ರದಂತೆಯೇ ವರ್ತಿಸುವುದು ಎಮ್ಯುಲೇಟರ್. ರೋಜರ್ ಬೌಲರ್ 1999ರಲ್ಲಿ ಆರಂಭಿಸಿದ ಹರ್ಕ್ಯುಲಿಸ್ ಇಂಥದ್ದು. ಐಬಿಎಂನ ಹಳೆಯ ಎಂವಿಎಸ್ ಕಾರ್ಯಾಚರಣ ವ್ಯವಸ್ಥೆ ಅದರ ಮೇಲೆ ನಡೆಯುತ್ತದೆ. ಕಲಿಕೆಗೆ ಬೇಕಾದ ಭಾಗವನ್ನಷ್ಟೇ ಅನುಕರಿಸಿ ತೋರಿಸುವುದು ಸಿಮ್ಯುಲೇಟರ್. ಝಡ್390 ಎಂಬ ಮುಕ್ತ ತಂತ್ರಾಂಶದಲ್ಲಿ ಎಂವಿಎಸ್ ಇಲ್ಲದೆಯೇ ಪ್ರೋಗ್ರಾಂ ಬರೆದು, ಜಾವಾ ಇರುವ ಕಂಪ್ಯೂಟರಿನಲ್ಲಿ ಒಂದೊಂದೇ ಸೂಚನೆಯಾಗಿ ನಡೆಸಬಹುದು. ಮೊದಲ ಪಾಠಕ್ಕೆ ಇದೇ ಅನುಕೂಲ.

ಪೂರ್ವಜ್ಞಾನವಾಗಿ ಹದಿನಾರರ ಮಾನ, ಅಂದರೆ ಹೆಕ್ಸಾಡೆಸಿಮಲ್, ಗೊತ್ತಿದ್ದರೆ ಸಾಕು. ಅದರಲ್ಲಿ ಹತ್ತನ್ನು ಎ, ಹನ್ನೊಂದನ್ನು ಬಿ ಎಂದು ಬರೆಯುತ್ತೇವೆ.

360ರಲ್ಲಿ 0ಯಿಂದ 15ರವರೆಗೆ ಹದಿನಾರು ಸಾಮಾನ್ಯ ರಿಜಿಸ್ಟರುಗಳಿವೆ. 3ನೆಯದರಲ್ಲಿ 68, 4ನೆಯದರಲ್ಲಿ 32 ಇದೆ ಎನ್ನೋಣ. ‘ಎಆರ್ 3,4’ ಎಂದರೆ 4ರಲ್ಲಿರುವುದನ್ನು 3ಕ್ಕೆ ಕೂಡಿಸು ಎಂದರ್ಥ. ಯಂತ್ರಕ್ಕೆ ಇದು 1ಎ34: 1ಎ ಎಂಬುದು ಕೂಡಿಸುವ ಆಜ್ಞೆ, 3 ಮತ್ತು 4 ರಿಜಿಸ್ಟರುಗಳು. ಹದಿನಾರೇ ರಿಜಿಸ್ಟರುಗಳಿರುವುದರಿಂದ ಒಂದೊಂದಕ್ಕೆ ಒಂದೇ ಅಂಕಿ ಸಾಕಾಗುತ್ತದೆ.

ಮುಂದಿನ ಹೆಜ್ಜೆಯ ಕೀಲಿ ಒತ್ತುವ ಮೊದಲು ಪ್ರತಿಯೊಬ್ಬರೂ ಉತ್ತರವನ್ನು ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪಾಠದ ತಿರುಳು ಇಲ್ಲೇ ಇದೆ. ಏಕೆಂದರೆ ಎರಡು ಗೊಂದಲಗಳು ಇಲ್ಲಿ ಹೊರಬೀಳುತ್ತವೆ.

ಮೊದಲನೆಯದು, ಮೊತ್ತ 100 ಆದರೂ ಪರದೆಯ ಮೇಲೆ ಸೊನ್ನೆಗಳ ನಂತರ 64 ಕಾಣುತ್ತದೆ. ಯಂತ್ರ ತಪ್ಪಿಲ್ಲ, ಆರು ಹದಿನಾರು ತೊಂಬತ್ತಾರು, ಅದಕ್ಕೆ ನಾಲ್ಕು ಸೇರಿದರೆ ನೂರು.

ಎರಡನೆಯದು ಇನ್ನೂ ಮುಖ್ಯ. 4ನೆಯ ರಿಜಿಸ್ಟರಿನಲ್ಲಿ ಈಗ ಏನಿದೆ? ಒಂದು ಚೀಲದ ಭತ್ತವನ್ನು ಇನ್ನೊಂದಕ್ಕೆ ಸುರಿದರೆ ಮೊದಲ ಚೀಲ ಬರಿದಾಗುತ್ತದೆ. ಹಾಗೆಂದು ರಿಜಿಸ್ಟರು ಬರಿದಾಗುವುದಿಲ್ಲ. ಅಲ್ಲಿ 32 ಹಾಗೆಯೇ ಉಳಿಯುತ್ತದೆ. ಯಂತ್ರ ಅದನ್ನು ಓದಿಕೊಳ್ಳುತ್ತದೆ, ತೆಗೆದುಹಾಕುವುದಿಲ್ಲ. ಕಪ್ಪುಹಲಗೆಯ ಮೇಲೆ ಹೇಳಿದ ಈ ಮಾತನ್ನು ಸಿಮ್ಯುಲೇಟರ್ ಕಣ್ಣೆದುರು ತೋರಿಸುತ್ತದೆ.

ಒಂದೇ ಲ್ಯಾಪ್‌ಟಾಪ್ ಇದ್ದರೂ ಪಾಠ ನಿಲ್ಲುವುದಿಲ್ಲ. ಕಪ್ಪುಹಲಗೆಯ ಮೇಲೆ ಹದಿನಾರು ಮನೆಗಳ ಕೋಷ್ಟಕ ಬರೆದು, ಪ್ರತಿ ಸೂಚನೆಯ ನಂತರ ಒಬ್ಬ ವಿದ್ಯಾರ್ಥಿ ಬಂದು ತುಂಬಲಿ. ಆಮೇಲೆ ಪರದೆಯೊಂದಿಗೆ ತಾಳೆ ನೋಡಲಿ. ಊಹೆಯಿಲ್ಲದೆ ಕೀಲಿ ಮಾತ್ರ ಒತ್ತುತ್ತಾ ಹೋದರೆ ಅದು ನೋಟವಾಗುತ್ತದೆ, ಕಲಿಕೆಯಾಗುವುದಿಲ್ಲ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಈಗ ‘ಎಸ್‌ಆರ್ 3,4’ ಎಂಬ ಕಳೆಯುವ ಸೂಚನೆ ಕೊಟ್ಟರೆ ಎರಡೂ ರಿಜಿಸ್ಟರುಗಳಲ್ಲಿ ಏನಿರುತ್ತದೆ? ಪರದೆ ನೋಡದೆ 68 ಮತ್ತು 32 ಎಂದು ಬರೆದು, ಕಾರಣವನ್ನೂ ಹೇಳಬಲ್ಲ ವಿದ್ಯಾರ್ಥಿ ತಾನು ಎಂದೂ ಕಾಣದ ಯಂತ್ರದ ಕೆಲಸವನ್ನು ಅರಿತಿದ್ದಾನೆ.