ದುಂಡು ಮೊಹರಿನ ಸಾಕ್ಷ್ಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಯಾವ ಊರೇ ಆಗಲಿ, ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಕಾಗದ ಹಿಡಿದು ಹೊರಟವರ ಕಿವಿಗೆ ಬೀಳುವ ಮಾತೆಂದರೆ ‘ನೋಟರಿ ಮಾಡಿಸಿಕೊಂಡು ಬನ್ನಿ’. ವಂಶವೃಕ್ಷಕ್ಕೆ ಲಗತ್ತಿಸುವ ಅಫಿಡವಿಟ್ಟು, ಹೆಸರಿನ ತಿದ್ದುಪಡಿ, ಕಳೆದುಹೋದ ಅಂಕಪಟ್ಟಿಯ ಹೇಳಿಕೆ, ಬಾಡಿಗೆ ಕರಾರು, ಇವೆಲ್ಲದರ ಕೊನೆಗೆ ಒಂದು ದುಂಡು ಮೊಹರು ಬೀಳುತ್ತದೆ. ಆ ಮೊಹರಿನ ಅಳತೆಯನ್ನೂ ಕಾನೂನು ಗೊತ್ತುಮಾಡಿದೆ. 1956ರ ನೋಟರಿ ನಿಯಮಗಳ 12ನೇ ನಿಯಮದಂತೆ ಅದು 5 ಸೆಂಟಿಮೀಟರ್ ವ್ಯಾಸದ ಸಾದಾ ವೃತ್ತವಾಗಿರಬೇಕು. ಅದರಲ್ಲಿ ನೋಟರಿಯ ಹೆಸರು, ಅವರ ಅಧಿಕಾರ ನಡೆಯುವ ಪ್ರದೇಶ, ನೋಂದಣಿ ಸಂಖ್ಯೆ ಮತ್ತು ಅವರನ್ನು ನೇಮಿಸಿದ ಸರ್ಕಾರದ ಹೆಸರು ಇರಬೇಕು. ಇಷ್ಟು ಚಿಕ್ಕ ವೃತ್ತವೊಂದು ಪರಿಚಯವೇ ಇಲ್ಲದ ನ್ಯಾಯಾಧೀಶರನ್ನು, ದೂರದೇಶದ ಅಧಿಕಾರಿಯನ್ನು ನಂಬಿಸಬಲ್ಲದು ಎಂಬುದೇ ವಿಸ್ಮಯದ ಸಂಗತಿ.

ಭಾರತದಲ್ಲಿ ಈ ವೃತ್ತಿಗೆ ಸ್ವಂತ ಕಾನೂನು ಬಂದದ್ದು ತಡವಾಗಿ. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ನೋಟರಿಗಳಿಗೆ ಕೊಟ್ಟಿದ್ದ ಅಧಿಕಾರ ಹುಂಡಿ, ವಚನಪತ್ರಗಳ ವ್ಯವಹಾರಕ್ಕಷ್ಟೇ ಸೀಮಿತವಾಗಿತ್ತು. ಉಳಿದ ಕೆಲಸಗಳಿಗೆ ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಅಧೀನದ ಒಬ್ಬ ಅಧಿಕಾರಿಯಿಂದ ನೇಮಕ ಪಡೆಯುವ ಪದ್ಧತಿಯಿತ್ತು. ಸ್ವತಂತ್ರ ದೇಶಕ್ಕೆ ಇದು ಒಪ್ಪುವಂಥದ್ದಲ್ಲ. 1952ರಲ್ಲಿ ಸಂಸತ್ತು ನೋಟರಿಗಳ ಕಾಯ್ದೆಯನ್ನು ರೂಪಿಸಿತು. 1956ರ ಫೆಬ್ರವರಿ 14ರಂದು ಅದು ಜಾರಿಗೆ ಬಂತು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕೆ ಮಾಡಿದವರನ್ನು, ಮಹಿಳೆಯರು ಮತ್ತು ಹಿಂದುಳಿದ ಸಮುದಾಯದವರಾದರೆ ಏಳು ವರ್ಷ ಮಾಡಿದವರನ್ನು, ಕೇಂದ್ರ ಅಥವಾ ರಾಜ್ಯ ಸರ್ಕಾರ ನೇಮಿಸಬಹುದು.

ಕಾಯ್ದೆಯ ಹೃದಯ ಎಂಟನೇ ಕಲಮಿನಲ್ಲಿದೆ. ದಾಖಲೆಗೆ ಸಹಿಯಾದದ್ದನ್ನು ದೃಢೀಕರಿಸುವುದು, ಪ್ರಮಾಣ ಬೋಧಿಸುವುದು, ಅಫಿಡವಿಟ್ಟು ಪಡೆಯುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿ ಆ ಅನುವಾದವನ್ನು ಪ್ರಮಾಣೀಕರಿಸುವುದು ಮುಂತಾದ ಕೆಲಸಗಳನ್ನು ಅದು ಹೆಸರಿಸುತ್ತದೆ. ಮಾಡಿದ ಕೆಲಸ ಯಾವುದೇ ಇರಲಿ, ನೋಟರಿಯ ಸಹಿ ಮತ್ತು ಅಧಿಕೃತ ಮೊಹರು ಎರಡೂ ಇದ್ದರೆ ಮಾತ್ರ ಅದನ್ನು ನೋಟರಿಯ ಕಾರ್ಯವೆಂದು ಈ ಕಲಮಿನ ಎರಡನೇ ಉಪಕಲಮು ಒಪ್ಪುತ್ತದೆ. ಸಹಿಯಿದ್ದು ಮೊಹರಿಲ್ಲದ ಕಾಗದವಾಗಲಿ, ಮೊಹರಿದ್ದು ಸಹಿಯಿಲ್ಲದ ಕಾಗದವಾಗಲಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು.

ಅನುವಾದದ ಅಧಿಕಾರ ಈ ಸೀಮೆಯಲ್ಲಿ ಬರಿಯ ಪುಸ್ತಕದ ಮಾತಲ್ಲ. ಗೌರಿಬಿದನೂರಿನ ಆಚೆಗೇ ಆಂಧ್ರದ ಹಿಂದೂಪುರ. ಚಿಂತಾಮಣಿಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಪಹಣಿ ಕನ್ನಡ. ಹೆಬ್ಬೆಟ್ಟು ಒತ್ತುವವರಿಗೆ ದಾಖಲೆಯ ಒಕ್ಕಣೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬ ಸಾಲು ಇಲ್ಲಿ ತೀರಾ ಬೆಲೆಯುಳ್ಳದ್ದು, ಅದನ್ನು ಅಚ್ಚಿನ ನಮೂನೆಯ ಶಾಸ್ತ್ರವೆಂದು ಕಾಣುವುದು ಅನ್ಯಾಯ. ಗಡಿಯ ಇನ್ನೊಂದು ಸೂಕ್ಷ್ಮವೂ ಇದೆ. ಕರ್ನಾಟಕ ಸರ್ಕಾರ ನೇಮಿಸಿದ ನೋಟರಿ ತಮ್ಮ ಮೊಹರಿನಲ್ಲಿ ಕೆತ್ತಿದ ಪ್ರದೇಶವನ್ನು ದಾಟಿ ಹಿಂದೂಪುರದಲ್ಲಿ ಕುಳಿತು ದೃಢೀಕರಿಸುವಂತಿಲ್ಲ. ಆದರೆ ಗೌರಿಬಿದನೂರಿನಲ್ಲಿ ಸರಿಯಾಗಿ ದೃಢೀಕರಿಸಿದ ಕಾಗದ ಹಿಂದೂಪುರಕ್ಕೂ ದೆಹಲಿಗೂ ಹೋಗಬಹುದು. ಎಲ್ಲೆಯಿರುವುದು ನೋಟರಿಯ ಕೈಗೆ.

ಹಾಗಾದರೆ ಮೊಹರು ಸಾಕ್ಷಿ ನುಡಿಯುವುದು ಯಾವುದಕ್ಕೆ? ಅಫಿಡವಿಟ್ಟಿನಲ್ಲಿ ಬರೆದದ್ದು ನಿಜವೆಂದು ನೋಟರಿ ಹೇಳುವುದಿಲ್ಲ. ಆ ಹೊಣೆ ಪ್ರಮಾಣ ಮಾಡಿದವರದು. ಇಂಥ ದಿನ, ಇಂಥ ಸ್ಥಳದಲ್ಲಿ, ಗುರುತು ಖಚಿತವಾದ ಇಂಥ ವ್ಯಕ್ತಿ ತಮ್ಮೆದುರಿಗೆ ಪ್ರಮಾಣ ಮಾಡಿ ಸಹಿ ಹಾಕಿದರು ಎಂಬಷ್ಟನ್ನೇ ಅವರು ಹೇಳುತ್ತಾರೆ. ಅದಕ್ಕೆ ಬೆನ್ನೆಲುಬಾಗಿ ಒಂದು ವಹಿ ಇರುತ್ತದೆ. ದಿನಾಂಕ, ವ್ಯಕ್ತಿಯ ಹೆಸರು ವಿಳಾಸ, ದಾಖಲೆಯ ಸಾರ, ಪಡೆದ ಶುಲ್ಕ ಎಲ್ಲವನ್ನೂ ಅದರಲ್ಲಿ ನಮೂದಿಸಬೇಕು, ಶುಲ್ಕಕ್ಕೆ ರಸೀದಿ ಕೊಡಬೇಕು. ವರ್ಷಗಳ ನಂತರ ತಕರಾರು ಎದ್ದಾಗ ನ್ಯಾಯಾಲಯ ಮೊದಲು ಕೇಳುವುದು ಈ ವಹಿಯನ್ನೇ. ಸಹಿ ಹಾಕುವವರು ಎದುರಿಗಿಲ್ಲದೆ, ಯಾರೋ ತಂದುಕೊಟ್ಟ ಕಾಗದದ ಕಟ್ಟಿಗೆ ಮೊಹರು ಒತ್ತುವ ರೂಢಿ ಇಡೀ ವ್ಯವಸ್ಥೆಯ ಬುಡಕ್ಕೇ ಕೊಡಲಿ ಹಾಕುವುದು ಈ ಕಾರಣದಿಂದ.

ಮೊಹರಿಗೆ ನಿಲುಕದ ವಿಷಯಗಳೂ ಇವೆ. ಬೆಂಗಳೂರು ಹತ್ತಿರವಾದಂತೆ ಈ ತಾಲ್ಲೂಕುಗಳಲ್ಲಿ ನಿವೇಶನದ ಬೆಲೆ ಏರಿದೆ; ನೋಟರಿ ಮಾಡಿಸಿದ ಕರಾರನ್ನೇ ಕ್ರಯಪತ್ರವೆಂದು ನಂಬಿ ಹಣ ಕೊಟ್ಟವರ ಸಂಕಟ ದೊಡ್ಡದು. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ನಡೆಸುವ ಮಾರಾಟದಿಂದ ಒಡೆತನ ವರ್ಗವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮದುವೆ, ವಿಚ್ಛೇದನಗಳ ಪತ್ರ ಮಾಡಿಕೊಡುವ ಅಧಿಕಾರವೂ ನೋಟರಿಗಳಿಗಿಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ನೆನಪಿಸಬೇಕಾಯಿತು.

ಅಧಿಕಾರಪತ್ರದ ವಿಷಯದಲ್ಲಿ ಮಾತ್ರ ಕಾನೂನಿನ ನೇಯ್ಗೆ ಬಹಳ ಸೂಕ್ಷ್ಮ. ನೋಟರಿಯ ಮುಂದೆ ಬರೆದುಕೊಟ್ಟು ಅವರೇ ದೃಢೀಕರಿಸಿದ ಅಧಿಕಾರಪತ್ರ ನೈಜವೆಂದು ನ್ಯಾಯಾಲಯ ಭಾವಿಸಬೇಕೆಂದು ಹಳೆಯ ಸಾಕ್ಷ್ಯ ಕಾಯ್ದೆಯ 85ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಆ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 84ನೇ ಕಲಮು ಇದೆ. ಆದರೂ ಶಿಡ್ಲಘಟ್ಟದಲ್ಲೇ ನೆಲೆಸಿದವರು ತಮ್ಮ ಪರವಾಗಿ ದಾಖಲೆಯನ್ನು ನೋಂದಣಿಗೆ ಹಾಜರುಪಡಿಸಲು ಒಬ್ಬರಿಗೆ ಅಧಿಕಾರಪತ್ರ ಕೊಡುವುದಾದರೆ, 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಂತೆ ಅದನ್ನು ಉಪನೋಂದಣಾಧಿಕಾರಿ ದೃಢೀಕರಿಸಬೇಕು, ನೋಟರಿಯ ಮೊಹರು ಸಾಲದು. ಅದೇ ಊರಿನ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿದ್ದರೆ ಅಲ್ಲಿನ ನೋಟರಿಯ ದೃಢೀಕರಣ ನಡೆಯುತ್ತದೆ. ಕಚೇರಿ ಹತ್ತಿರವಿದ್ದವರು ಕಚೇರಿಗೆ ಬರಲಿ, ಬರಲಾಗದವರಿಗೆ ದಾರಿ ಇರಲಿ ಎಂಬ ವಿವೇಕ ಇದರ ಹಿಂದೆ ಕಾಣುತ್ತದೆ.

ಹೊರದೇಶದ ನೋಟರಿಯನ್ನು ಇಲ್ಲಿನ ಕಾನೂನು ಒಪ್ಪುತ್ತದೆಯೇ ಎಂಬ ಪ್ರಶ್ನೆ 1970ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಜುಗ್ರಾಜ್ ಸಿಂಗ್ ವಿರುದ್ಧ ಜಸ್ವಂತ್ ಸಿಂಗ್ ಪ್ರಕರಣದಲ್ಲಿದ್ದವು ಕ್ಯಾಲಿಫೋರ್ನಿಯಾದಲ್ಲಿ ಮಾಡಿಸಿದ ಎರಡು ಅಧಿಕಾರಪತ್ರಗಳು. ಹೊರದೇಶದ ನೋಟರಿಯೂ ನೋಟರಿಯೇ ಎಂದು ನ್ಯಾಯಾಲಯ ಒಪ್ಪಿತು. ಆದರೆ ಮೊದಲ ಪತ್ರದ ದೃಢೀಕರಣದಲ್ಲಿ ಒಂದು ಕೊರತೆ ಕಂಡಿತು: ಸಹಿ ಹಾಕಿದವರ ಗುರುತಿನ ಬಗ್ಗೆ ತಮಗೆ ಖಾತರಿಯಾಗಿದೆ ಎಂದು ನೋಟರಿ ಎಲ್ಲೂ ಬರೆದಿರಲಿಲ್ಲ. ಮೊಹರಿದ್ದರೂ ಆ ಪತ್ರ ತಾನಾಗಿ ನಿಲ್ಲಲಿಲ್ಲ. ಸರಿಯಾದ ಒಕ್ಕಣೆಯಿದ್ದ ಎರಡನೆಯ ಪತ್ರ ಬಂದು ಮೊದಲನೆಯದರ ದೋಷವನ್ನು ನಿವಾರಿಸಿತು.